ಅಗ್ಗಿಷ್ಟಿಕೆಯಿಂದ ಹೊರಟ ನಾದದ ಜಾಡು

ಲಂಡನ್ ನೋಡಲು ಬಂದವರನ್ನು ಯಾರೂ ಫೆಲ್ಥಮ್‌ಗೆ ಕರೆದೊಯ್ಯುವುದಿಲ್ಲ. ನನ್ನ ಅಕ್ಕನ ಮಗ ಕರೆದೊಯ್ದ. ವಾರದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕೂರುವ ಈ ಹುಡುಗನಿಗೆ ಉಳಿದೆರಡು ದಿನ ಒಂದೇ ಹಂಬಲ: ಕ್ವೀನ್ ತಂಡದ ಬ್ರಯಾನ್ ಮೇ ಗಿಟಾರಿನಿಂದ ಹೊರಡಿಸುವ ಆ ನಾದವನ್ನು ಹೌನ್ಸ್ಲೋದ ತನ್ನ ಬಾಡಿಗೆ ಮನೆಯಲ್ಲಿ ಹೊರಡಿಸಬೇಕು. ಅದು ರಾಕ್ ಗಿಟಾರಿನ ಸಾಮಾನ್ಯ ಕರ್ಕಶ ಸದ್ದಲ್ಲ. ಒಮ್ಮೆ ಪಿಟೀಲು, ಒಮ್ಮೆ ಕಹಳೆ, ಒಮ್ಮೆ ಗಂಟಲು ಬಿಗಿಹಿಡಿದು ಹಾಡುವ ಮನುಷ್ಯ. "ಆ ಟೋನ್ ಅಂಗಡೀಲಿ ಸಿಗಲ್ಲ ಮಾಮ, ಅದು ಹುಟ್ಟಿದ ಊರು ನೋಡ್ಬೇಕು" ಎಂದು ಅವನು ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿಗೆ ನನ್ನನ್ನು ಹತ್ತಿಸುತ್ತಾನೆ. ಬೆಂಗಳೂರಿನಲ್ಲಿ ಬಿಟಿಎಸ್ ಡಬಲ್ ಡೆಕ್ಕರ್ ಓಡುತ್ತಿದ್ದ ಕಾಲದಲ್ಲಿ ಆ ಸೀಟಿಗೆ ಜಗಳವಾಡಿದವನು ನಾನು. ಇಲ್ಲಿ ಅದು ಖಾಲಿ ಬಿದ್ದಿದೆ.

ಫೆಲ್ಥಮ್ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಊರು. ಇಟ್ಟಿಗೆಯ ಜೋಡಿ ಮನೆಗಳು, ಮುಂದೆ ಮಂಡಿಯೆತ್ತರದ ಬೇಲಿ, ಪ್ರತಿ ಸೂರಿನ ಮೇಲೂ ಹೊಗೆಗೂಡು. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಸೊಪ್ಪಿನವಳು ಎರಡು ಸುತ್ತು ಕೂಗಿಹೋಗಿರುತ್ತಿದ್ದಳು. ಗ್ಲ್ಯಾಡ್‌ಸ್ಟನ್ ಅವೆನ್ಯೂದ ಒಂದು ಗೋಡೆಯ ಮೇಲೆ ದುಂಡನೆಯ ನೀಲಿ ಫಲಕ ಕಾಣಿಸುತ್ತದೆ. ಜಾಂಜಿಬಾರಿನಲ್ಲಿ ಹುಟ್ಟಿ, ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫರೂಖ್ ಬಲ್ಸಾರಾ 1964ರಲ್ಲಿ ಮನೆಯವರೊಂದಿಗೆ ಈ ಊರಿಗೆ ಬಂದ. ಮುಂದೆ ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯಾದ. ಫಲಕ ಹಾಕಿದ್ದು 2016ರಲ್ಲಿ. ಮೇ ಬೆಳೆದದ್ದೂ ಇದೇ ಊರಿನಲ್ಲಿ. ನಾಲ್ಕು ಹೆಜ್ಜೆ ದೂರದಲ್ಲಿದ್ದೂ ಆಗ ಇಬ್ಬರಿಗೂ ಪರಸ್ಪರ ಗೊತ್ತಿರಲಿಲ್ಲವಂತೆ!

ನಾನು ಹೊಗೆಗೂಡುಗಳನ್ನೇ ನೋಡುತ್ತಾ ನಡೆಯುತ್ತೇನೆ. ಅದಕ್ಕೆ ಕಾರಣವಿದೆ. 1963ರಲ್ಲಿ ಹದಿನಾರರ ಬ್ರಯಾನ್‌ಗೆ ಅಮೆರಿಕದ ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಅಪ್ಪ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಅಪ್ಪ, ಮಗ ಸೇರಿ ಮನೆಯಲ್ಲೇ ಒಂದನ್ನು ಮಾಡಲು ಕೂತರು. ಹಿಡಿಗೆ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ತೊಲೆ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್. ಹಿಡಿಯ ಮೇಲಿನ ಗುರುತಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸುವ ಸನ್ನೆಕೋಲಿಗೆ ಸೈಕಲ್ಲಿನ ಚೀಲ ಹಿಡಿಯುವ ಕಂಬಿ, ಅದರ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ಚೂರು. ತಂತಿಗಳ ಎಳೆತಕ್ಕೆ ಎದುರು ನಿಲ್ಲಲು 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ಎಂಜಿನ್ ಸ್ಪ್ರಿಂಗುಗಳು. ಸುಮಾರು ಎರಡು ವರ್ಷ ಹಿಡಿದ ಈ ಕೆಲಸಕ್ಕೆ ಖರ್ಚಾದದ್ದು ಎಂಟು ಪೌಂಡಿನ ಆಸುಪಾಸು. ಅದೇ ಕೆಂಪು ಗಿಟಾರನ್ನು ಮೇ ಇಂದಿಗೂ ನುಡಿಸುತ್ತಾರೆ.

ಮಧ್ಯಾಹ್ನ ಪೇಟೆಗೆ ಹೊರಟೆವು. ಹಳಿ ರಿಪೇರಿಯಂತೆ, ರೈಲಿನ ಬದಲು ಬಸ್ಸು ಬಿಟ್ಟಿದ್ದಾರೆ. ನಮ್ಮೂರಿನ ಬಂದ್ ದಿನಗಳನ್ನು ಕಂಡ ನನಗೆ ಇದು ಹೊಸತಲ್ಲ. ಹೊಸತೆಂದರೆ ಪ್ರಯಾಣಿಕರ ಮೌನ. ಒಬ್ಬರೂ ಗೊಣಗುವುದಿಲ್ಲ, ನಿಟ್ಟುಸಿರನ್ನೂ ಸರದಿಯಲ್ಲೇ ಬಿಡುತ್ತಾರೆ. ದಾರಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಬಳಿ ಇಳಿದು ತಲೆಯೆತ್ತಿ ನಿಲ್ಲುತ್ತೇವೆ. 2002ರ ಜೂನ್ 3ರಂದು, ರಾಣಿಯ ಪಟ್ಟದ ಸುವರ್ಣೋತ್ಸವದ ಸಂಜೆ, ಈ ಸೂರಿನ ಮೇಲೆ ನಿಂತು ಮೇ ರಾಷ್ಟ್ರಗೀತೆ ನುಡಿಸಿದ್ದರು. ಕೆಳಗೆ ಪ್ರವಾಸಿಗರೆಲ್ಲ ಕಾವಲುಗಾರರ ಕರಡಿ ಟೊಪ್ಪಿಗೆಯ ಫೋಟೊ ತೆಗೆಯುತ್ತಿದ್ದಾರೆ. ನಾವಿಬ್ಬರು ಮಾತ್ರ ಮಾಳಿಗೆ ನೋಡುತ್ತಿದ್ದೇವೆ. ಹುಳು ತಿಂದ ಆ ತೊಲೆ ಎಲ್ಲಿಂದ ಎಲ್ಲಿಗೆ ಏರಿತ್ತು!

ಡೆನ್ಮಾರ್ಕ್ ಸ್ಟ್ರೀಟ್ ಗಿಡ್ಡ ಬೀದಿ, ನಮ್ಮ ಅವೆನ್ಯೂ ರಸ್ತೆಯ ಕಾಲು ಭಾಗವೂ ಇಲ್ಲ. ಗಿಟಾರ್ ಅಂಗಡಿಗಳಿಗೆ ಹೆಸರಾದ ಬೀದಿ. ಗೋಡೆಯ ಮೇಲಿನ ಗಿಟಾರುಗಳ ಬೆಲೆಚೀಟಿ ಓದಿ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ಅಕ್ಕನ ಮಗ ಗಿಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ಮೇ ಗಿಟಾರಿನ ನಕಲೊಂದನ್ನು ಅವನು ಹಿಂದೆಯೇ ಕೊಂಡಿದ್ದಾನೆ. ಈಗ ಬೇಕಾದದ್ದು ಆರು ಪೆನ್ಸಿನ ನಾಣ್ಯ! ಮೇ ತಂತಿ ಮೀಟುವುದು ಪ್ಲಾಸ್ಟಿಕ್ ಪಿಕ್‌ನಿಂದಲ್ಲ, ಈ ನಾಣ್ಯದಿಂದ. ಅಂಚಿನ ಸಣ್ಣ ಗೀರುಗಳನ್ನು ತಂತಿಗೆ ಓರೆಯಾಗಿ ತಾಗಿಸಿದರೆ ಸ್ವರದ ಬಾಯಲ್ಲಿ ಒಂದು ಗರಗರ ಹುಟ್ಟುತ್ತದೆ, ಸ್ವರಾಕ್ಷರಕ್ಕೆ ವ್ಯಂಜನ ಸೇರಿದ ಹಾಗೆ. ಚಲಾವಣೆಗೆಂದು ಅದನ್ನು ಟಂಕಿಸುವುದು 1960ರ ದಶಕದ ಕೊನೆಗೇ ನಿಂತಿತು, 1980ರಲ್ಲಿ ಬೆಲೆಯೂ ಹೋಯಿತು. ನಮ್ಮ ನಾಲ್ಕಾಣೆ ಹೋದದ್ದು 2011ರಲ್ಲಿ. ಹಳೆ ಸಾಮಾನಿನ ಅಂಗಡಿಯ ಅಜ್ಜಿ ಡಬ್ಬಿ ಕೆದಕಿ ನಾಣ್ಯ ಕೊಡುತ್ತಾ "ಮದುವೆಯೇ?" ಎಂದು ಕೇಳಿದರು. ಮದುಮಗಳ ಪಾದರಕ್ಷೆಯೊಳಗೆ ಆರು ಪೆನ್ಸ್ ಇಡುವುದು ಇಲ್ಲಿನ ಶಕುನವಂತೆ. ಹುಡುಗ ಕೆಂಪಾದ.

ಅಲ್ಲಿಂದ ವಾರ್ಡರ್ ಸ್ಟ್ರೀಟ್, ನಂಬರು 90. ಮಾರ್ಕೀ ಕ್ಲಬ್ ಇದ್ದ ಜಾಗ. ಒಂದು ರಾತ್ರಿ ಕಛೇರಿ ಮುಗಿದ ಮೇಲೆ ಯುವಕ ಮೇ ಇಲ್ಲಿ ಉಳಿದುಕೊಂಡು, ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರನ್ನು ಹಿಡಿದು ನಿಮ್ಮ ಈ ನಾದ ಹೇಗೆ ಬರುತ್ತದೆಂದು ಕೇಳಿದರು. ರೋರಿ ಮುಚ್ಚಿಡಲಿಲ್ಲ: ವಾಕ್ಸ್ ಎಸಿ30 ಆಂಪ್ (ಆಂಪ್ಲಿಫೈಯರ್), ಅದರ ಮುಂದೆ ರೇಂಜ್‌ಮಾಸ್ಟರ್ ಎಂಬ ಪುಟ್ಟ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅದು ಮಂದ್ರವನ್ನು ಸೋಸಿ ತಾರವನ್ನು ಉಬ್ಬಿಸಿ ಆಂಪಿಗೆ ತಳ್ಳುತ್ತದೆ. ವಾಲ್ವುಗಳು ತಾಳಲಾರದೆ ಸ್ವರವನ್ನು ಹಿಂಡುತ್ತವೆ, ಆದರೆ ಮಂದ್ರ ಕಡಿಮೆಯಾದ್ದರಿಂದ ನಾದ ಕೆಸರಾಗುವುದಿಲ್ಲ. ವಿದ್ಯೆಯನ್ನು ಕೇಳಿದವನಿಗೆ ಬಾಗಿಲಲ್ಲೇ ಧಾರೆಯೆರೆದ ಗುರುವಿನ ನೆನಪಿಗೆ ನಾನೊಂದು ನಮಸ್ಕಾರ ಹಾಕಿದೆ. ದಾರಿಹೋಕರು ಸುತ್ತಿ ಬಳಸಿ ನಡೆದರು.

ಇನ್ನೊಂದು ದಿನ ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್. ಎಸಿ30 ಹುಟ್ಟಿದ ಊರು. ಟಾಮ್ ಜೆನಿಂಗ್ಸ್ ಕಂಪನಿಗಾಗಿ ಡಿಕ್ ಡೆನ್ನಿ ಮೊದಲು ಹದಿನೈದು ವಾಟಿನ ಆಂಪ್ ಮಾಡಿದರು. ಅಭಿಮಾನಿಗಳ ಕಿರುಚಾಟದಲ್ಲಿ ಅದು ಕೇಳದಾದಾಗ ಅದರ ಎರಡರಷ್ಟು ಬಲದ್ದು ಬಂತು. ನಾನು ಕಾರ್ಖಾನೆಯ ಹೊಗೆಕೊಳವೆ ಹುಡುಕುತ್ತಿದ್ದರೆ ಎದುರಾದದ್ದು ರೈಲು ನಿಲ್ದಾಣದ ಎರಡನೇ ಪ್ಲಾಟ್‌ಫಾರ್ಮಿನ ಫಲಕ: 1961ರಲ್ಲಿ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಮತ್ತೆ ಭೇಟಿಯಾದದ್ದು ಇಲ್ಲಿಯೇ. ಈ ದೇಶದಲ್ಲಿ ಪ್ಲಾಟ್‌ಫಾರ್ಮಿಗೂ ಚರಿತ್ರೆ! ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಕೊಡೆ ಒಳಗು ಹೊರಗಾಯಿತು, ಚಹಾದಲ್ಲಿ ಸಕ್ಕರೆಯಿರಲಿಲ್ಲ. ಇಷ್ಟಾದರೂ ಹುಡುಗನ ಮುಖದಲ್ಲಿ ತೀರ್ಥಯಾತ್ರೆಯ ಕಳೆ.

ರಾತ್ರಿ ಹೌನ್ಸ್ಲೋದ ಕೋಣೆ. ನಕಲು ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಮೂರು ಪಿಕಪ್, ಒಂದೊಂದಕ್ಕೂ ಎರಡು ಪುಟ್ಟ ಸ್ವಿಚ್. ಒಂದು ಅದನ್ನು ಹಚ್ಚಿ ಆರಿಸಲು, ಇನ್ನೊಂದು ಅದರ ಅಲೆಯನ್ನು ತಲೆಕೆಳಗು ಮಾಡಲು. ಎರಡು ಪಿಕಪ್ಪುಗಳ ಅಲೆ ಒಂದೇ ದಿಕ್ಕಿಗಿದ್ದರೆ ನಾದ ತುಂಬಿ ಬರುತ್ತದೆ, ಎದುರುಬದುರಾದರೆ ಸಣಕಲಾಗಿ ಕಿರ್ರೆನ್ನುತ್ತದೆ. ಮೇ ಹೆಚ್ಚಾಗಿ ಬಳಸುವುದು ಕುದುರೆಯ (ಬ್ರಿಜ್‌ನ) ಬಳಿಯದನ್ನೂ ನಡುವಿನದನ್ನೂ ಒಂದೇ ದಿಕ್ಕಿಗೆ ಸೇರಿಸಿ. ಹುಡುಗ ಹಾಗೆಯೇ ಮಾಡಿ, ಆರು ಪೆನ್ಸಿನಿಂದ ಮೀಟಿ, ತಂತಿಯನ್ನು ಅಡ್ಡಕ್ಕೆ ಎಳೆದು ಮೇಲಿನ ಸ್ವರ ಮುಟ್ಟಿದ. ವೀಣೆಯ ಗಮಕ ಕೇಳಿ ಬೆಳೆದ ನನ್ನ ಕಿವಿಗೆ ಆ ಎಳೆತ ಕೂಡಲೇ ಗುರುತಾಯಿತು. ಆದರೆ ಸ್ವರ ಹುಟ್ಟಿದಷ್ಟೇ ಬೇಗ ಸೊರಗುತ್ತಿದೆ. ಆಂಪನ್ನು ಪಿಸುಮಾತಿಗಿಂತ ಜೋರಾಗಿಸುವಂತಿಲ್ಲ. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಸೀನಿದರೆ ಇಲ್ಲಿ "ಬ್ಲೆಸ್ ಯೂ" ಅನ್ನಬಹುದು.

ಹಾಗಾಗಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ತಾಲೀಮು ಕೋಣೆಗೆ ಹೋದೆವು. ಅಲ್ಲೊಂದು ಎಸಿ30 ಇದೆ. ಅದನ್ನು ಗೋಡೆಯಿಂದ ಈಚೆಗೆ ತರುವುದೆಂದರೆ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿದಷ್ಟು ಕಷ್ಟ. ವಾಲ್ವುಗಳು ಕೆಂಪಗೆ ಕಾದವು. ಹುಡುಗ ವಾಲ್ಯೂಮ್ ಪೂರ್ತಿ ತಿರುಗಿಸಿ, ಸದ್ದಿನ ಏರಿಳಿತವನ್ನು ಗಿಟಾರಿನ ಗುಂಡಿಯಲ್ಲೇ ಹಿಡಿದುಕೊಂಡು, ಒಂದೇ ಒಂದು ಸ್ವರ ಹಚ್ಚಿದ. ನನ್ನ ಪ್ಯಾಂಟಿನ ಕಾಲು ಪಟಪಟಿಸುತ್ತದೆ! ಸ್ಪೀಕರ್ ಗಾಳಿಯನ್ನು ನೂಕುತ್ತದೆ, ಗಾಳಿ ತಂತಿಯನ್ನು ಮತ್ತೆ ಅಲುಗಿಸುತ್ತದೆ, ತಂತಿ ಪುನಃ ಸ್ಪೀಕರನ್ನು ಕೂಗಿಸುತ್ತದೆ. ಸ್ವರ ಸಾಯುವುದೇ ಇಲ್ಲ. ಹುಡುಗ ಬೆರಳು ಅಲುಗಿಸಿದರೆ ಸಾಕು, ಅದು ಹಾಡುತ್ತಾ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ. ಮನೆಯಲ್ಲಿ ಮಾಡಿದ ಗಿಟಾರು ಬಾಯಿ ಬಿಡಬೇಕಾದರೆ ಮನೆಯಿಂದ ಹೊರಗೆ ಬರಲೇಬೇಕಿತ್ತು. ಕಿವಿಯಲ್ಲಿದ್ದ ಹತ್ತಿ ತೆಗೆದ ಮೇಲೂ ಅರ್ಧ ಗಂಟೆ ನನಗೆ ಅಕ್ಕನ ಫೋನ್ ಕೇಳಿಸಲಿಲ್ಲ.

"ಹಾಗಾದರೆ ಮನೆಯಲ್ಲಿ ಆಗುವುದೇ ಇಲ್ಲವೇನೋ?" ಎಂದೆ. ಆಗುತ್ತದಂತೆ, ಅದಕ್ಕೂ ಕ್ವೀನ್ ತಂಡದಲ್ಲೇ ಉತ್ತರವಿದೆ. 1970ರ ದಶಕದ ಆರಂಭದಲ್ಲಿ ತಂಡದ ಬಾಸ್ ವಾದಕ ಜಾನ್ ಡೀಕನ್ ಲಂಡನ್ನಿನ ಬೀದಿಯ ಕಸದ ತೊಟ್ಟಿಯಲ್ಲಿ ಬಿಸಾಡಿದ್ದ ಒಂದು ಸರ್ಕ್ಯೂಟ್ ಬೋರ್ಡನ್ನು ಕಂಡು ಎತ್ತಿಕೊಂಡರು. ಎಲೆಕ್ಟ್ರಾನಿಕ್ಸ್ ಓದಿದವರು, ಅದನ್ನು ಪುಸ್ತಕದ ಕಪಾಟಿನಲ್ಲಿ ಇಡುವಂಥ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದರು. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ವಾಟಿಗೂ ಕಡಿಮೆ ಬಲ. ಮೇ ಅದಕ್ಕೆ ತಮ್ಮ ಗಿಟಾರು ಸಿಕ್ಕಿಸಿ, ಪದರದ ಮೇಲೆ ಪದರ ಧ್ವನಿಮುದ್ರಿಸಿ, 'ಗುಡ್ ಕಂಪನಿ' ಹಾಡಿನಲ್ಲಿ ಇಡೀ ಜಾಝ್ ವಾದ್ಯವೃಂದವನ್ನೇ ಎಬ್ಬಿಸಿದರು. ಕ್ಲಾರಿನೆಟ್ಟೂ ಟ್ರಾಂಬೋನೂ ಎಲ್ಲ ಗಿಟಾರೇ. ಪುಟ್ಟ ಆಂಪು ಪುಟ್ಟ ಸದ್ದಿನಲ್ಲೇ ತನ್ನ ಮಿತಿಗೆ ಬಂದು ಏದುಸಿರು ಬಿಡುತ್ತದೆ, ಆ ಏದುಸಿರೇ ನಾದ. ಅರಮನೆಯ ಸೂರಿಗೂ ಬಾಡಿಗೆ ಕೋಣೆಗೂ ಬೇಕಾದದ್ದು ಯಾರೋ ಬೇಡವೆಂದು ಬಿಟ್ಟದ್ದನ್ನು ಬೇಕೆಂದು ನೋಡುವ ಕಣ್ಣು ಮತ್ತು ಸ್ವಲ್ಪ ಬೆಸುಗೆ.

ನಿಲ್ದಾಣದಿಂದ ಮನೆಗೆ ನಡೆಯುವಾಗ ರಿಪೇರಿಯಾಗುತ್ತಿರುವ ಮನೆಯೊಂದರ ಮುಂದೆ ದೊಡ್ಡ ಹಳದಿ ಕಬ್ಬಿಣದ ತೊಟ್ಟಿ. ಹುಡುಗ ಗಿಟಾರನ್ನು ನನ್ನ ಕೈಗಿತ್ತು ಅದರ ಅಂಚಿಗೆ ಹೊಟ್ಟೆಯೂರಿ ಬಗ್ಗಿದ್ದಾನೆ. ಒಡೆದ ಟೈಲು, ಕಾರ್ಪೆಟ್ಟಿನ ಸುರುಳಿ, ಯಾರದೋ ಕಮೋಡಿನ ಮುಚ್ಚಳ ಒಂದೊಂದಾಗಿ ಪಕ್ಕಕ್ಕೆ ಸರಿಯುತ್ತಿವೆ. ಎದುರು ಮನೆಯ ಪರದೆ ಅಲುಗುತ್ತದೆ.

"ಲೋ, ಯಾರಾದರೂ ಬಂದು ಕೇಳಿದರೆ ಏನೆನ್ನಲಿ?"

"ಹಳೇ ರೇಡಿಯೋ ಇದ್ದರೆ ಕೊಡ್ತೀರಾ ಅಂತ ಅವರನ್ನೇ ಕೇಳಿ, ಮಾಮ."