ಮಾತು ಮುಚ್ಚಿ ಚಿತ್ರ ನೋಡಿ

ಬ್ರಹ್ಮಾವರದ ಗೆಳೆಯರ ಅಟ್ಟದಲ್ಲಿ ಮೊನ್ನೆ ಕನ್ನಡ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಸಂಚಿಕೆಯೊಂದು ಸಿಕ್ಕಿತು. ಮಳೆಗಾಲದ ತೇವಕ್ಕೆ ಅಂಚು ಕಂದಿದ್ದರೂ ಪುಟಗಳೆಲ್ಲ ಇದ್ದವು. ಎಂದಿನಂತೆ ಮಾತಿನ ಗುಳ್ಳೆಗಳಿಗೆ ಚೀಟಿ ಅಡ್ಡ ಹಿಡಿದು, ಬರೀ ಚಿತ್ರ ನೋಡುತ್ತ ಕೊನೆಯವರೆಗೆ ಹೋದೆ. ಎಂಥ ಸುಖ!

ಸಂಚಿಕೆಯನ್ನು ತೂಗಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಇದು. ಯಾರು ಅಡಗಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಮಾತಿಲ್ಲದೆ ತಿಳಿದರೆ ಚಿತ್ರಕಾರ ಗೆದ್ದ. ಆಮೇಲೆ ಚೀಟಿ ತೆಗೆದು ಓದಬೇಕು. ಕಣ್ಣಿಗೆ ಕಂಡದ್ದನ್ನೇ ಮಾತು ಮತ್ತೆ ಒದರಿದರೆ ಕತೆಗಾರ ಸೋತ. ಫ್ಯಾಂಟಮ್‌ಗಂತೂ ಮುಖವಾಡದ ಹಿಂದೆ ಕಣ್ಣುಗುಡ್ಡೆಯೇ ಇಲ್ಲ. ಸಿಟ್ಟು, ಅನುಮಾನ, ದಣಿವು ಎಲ್ಲವನ್ನೂ ಹೆಗಲು, ದವಡೆ, ಬೆರಳುಗಳೇ ಹೇಳಬೇಕು.

ಜಗಳ ಹುಟ್ಟುವುದು ಇಲ್ಲೇ. ನಮ್ಮಲ್ಲಿ ಹೆಚ್ಚಿನವರಿಗೆ 1961ರಿಂದ ಬಿಡಿಸಿದ ಸೈ ಬ್ಯಾರಿಯೇ ಫ್ಯಾಂಟಮ್‌ನ ಚಿತ್ರಕಾರ. ಅವನಿಗಿಂತ ಮುಂಚಿನ ವಿಲ್ಸನ್ ಮೆಕಾಯ್ ಎಂದರೆ ತಾತ್ಸಾರ. "ಎಂತ ಚಿತ್ರ ಮಾರಾಯಾ ಅದ್, ಮಕ್ಳ್ ಗೀಚ್ದಂಗಿತ್ತ್" ಅನ್ನುತ್ತಾರೆ. ಬ್ಯಾರಿಯ ಕಾಡು, ನೆರಳು, ಮೈಕಟ್ಟು ಸೊಗಸೇ. ಆದರೆ ಮೆಕಾಯ್‌ನ ನಾಲ್ಕು ಗೆರೆಗಳಲ್ಲಿ ಕತೆ ಎಲ್ಲೂ ತಡವರಿಸುವುದಿಲ್ಲ. ಬಯಲಾಟದಲ್ಲಿ ಕಿರೀಟದ ಹೊಳಪಿಗೆ ಮರುಳಾಗದೆ ಕುಣಿತ, ಅರ್ಥ ಎರಡನ್ನೂ ತೂಗಿ ನೋಡುವ ಕುಂದಾಪುರದವರು ಕಾಮಿಕ್ಸ್ ಕೈಗೆತ್ತಿಕೊಂಡರೆ ತೋಳಿನ ಗಂಟು ಎಣಿಸುತ್ತಾರಲ್ಲ, ಅದನ್ನು ನಾನು ಸಹಿಸಲಾರೆ.

ಅದಕ್ಕಿಂತ ಸಿಟ್ಟು ಬರಿಸುವುದು ಅಕ್ಷರ. ಇಂಗ್ಲಿಷ್ ಕಾಮಿಕ್ಸ್‌ನ ಗುಳ್ಳೆಯಲ್ಲಿ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ತ್ರೀ' ಎಂದು ಬರೆಯಲು ಎಷ್ಟು ಜಾಗ ಬೇಕು ನೋಡಿ! ಅನುವಾದ ಮಾಡಿದವರು ಅದೇ ಗುಳ್ಳೆಗೆ ಕನ್ನಡವನ್ನು ತುರುಕುತ್ತಾರೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ಖಳನಾಯಕ ಗುಟ್ಟು ಬಿಡುವ ಹೊತ್ತಿಗೆ ಓದುಗ ಭೂತಗನ್ನಡಿ ಹುಡುಕುತ್ತಾನೆ. ಇದು ಓದುಗನಿಗೆ ಮಾಡುವ ಅವಮಾನ.

1967ರಲ್ಲಿ ಅಮರ ಚಿತ್ರ ಕಥೆ ಆರಂಭಿಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಸತೀಶ್ ಆಚಾರ್ಯರ ಕಾರ್ಟೂನು ಹಬ್ಬ ನಡೆಯುವುದು ಕುಂದಾಪುರದಲ್ಲಿ. ಕೈಗಳಿಗೆ ಇಲ್ಲಿ ಬರವಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಪೆನ್ಸಿಲ್ ಹಿಡಿದ ಮಕ್ಕಳಲ್ಲಿ ನನ್ನದೊಂದೇ ವಿನಂತಿ: ನಿಮ್ಮ ನಾಯಕನನ್ನು ಕನ್ನಡದಲ್ಲೇ ಹುಟ್ಟಿಸಿ. ಮಾತನ್ನು ಮೊದಲು ಬರೆಯಿರಿ, ಗುಳ್ಳೆಯನ್ನು ಆಮೇಲೆ ಸುತ್ತಿ.