ಇನ್ನೊಂದು ಸಲ

ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಹೆಸರೇ ಇಲ್ಲ. ‘ನಪಾಸು’ ಎಂಬುದು ಸರ್ಕಾರಿ ಮೊಹರಿನಂತೆ ಬೀಳುತ್ತದೆ. ‘ಡುಮ್ಕಿ’ಯಲ್ಲಿ ನಗೆಯುಂಟು, ಕನಿಕರ ಕಾಣೆ. ಅದಿರಲಿ, ಪಾಸಾಗಿಯೂ ಸಾಲದೆ ಹೋದವರು ಎಂಬ ಹೊಸ ಪಂಗಡವೊಂದು ಹುಟ್ಟಿದ ಮೇಲಂತೂ ಕನ್ನಡ ಕೈಚೆಲ್ಲಿ ಕುಳಿತಿದೆ. ದಾವಣಗೆರೆಯ ವಿದ್ಯಾನಗರದಲ್ಲೋ ಎಂ.ಸಿ.ಸಿ. ಬ್ಲಾಕಿನಲ್ಲೋ ಬೆಳಗ್ಗೆ ತಿರುಗಾಡಲು ಹೊರಟರೆ, ಬೆನ್ನಿಗೆ ಚೀಲ ಹೇರಿಕೊಂಡು ನಿದ್ದೆಗಣ್ಣಿನಲ್ಲಿ ನಡೆಯುವ ಹುಡುಗ ಹುಡುಗಿಯರು ಎದುರಾಗುತ್ತಾರೆ. “ಏನಪ್ಪಾ, ಯಾವ ಕ್ಲಾಸು?” ಎಂದು ಕೇಳಿ ನೋಡಿ. “ಲಾಂಗ್ ಟರ್ಮ್ ಸರ್” ಎನ್ನುತ್ತಾರೆ. ಕಾಲೇಜಿನ ಹೆಸರಿಲ್ಲ, ತರಗತಿಯ ಹೆಸರಿಲ್ಲ. ದೀರ್ಘಾವಧಿ! ನ್ಯಾಯಾಧೀಶರು ಓದಿ ಹೇಳಿದ ತೀರ್ಪಿನಂತಿದೆ ಮಾತು. ಪಿ.ಯು. ಮುಗಿಸಿ, ವೈದ್ಯ ಸೀಟು ಸಿಕ್ಕುವಷ್ಟು ಅಂಕ ಬಾರದೆ, ವರ್ಷವಿಡೀ ಮತ್ತೆ ಅದನ್ನೇ ಓದುವವರು ಇವರು.

ಇವರ ವಿಷಯ ಬರೆಯಲು ಕನ್ನಡ ಮೇಷ್ಟರಿಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೈದ್ಯ ಸೀಟಿನ ಲೆಕ್ಕದಲ್ಲಿ ನನ್ನ ವಿಷಯದ ಅಂಕಕ್ಕೆ ಮೂರು ಕಾಸಿನ ಬೆಲೆಯಿಲ್ಲ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ ಎಂಬುದಷ್ಟೇ ನಮ್ಮ ಪಾಲಿನ ಸಮಾಧಾನ. ಆದರೆ ಹರಿಹರದಲ್ಲಿರುವ ನನ್ನ ಅಕ್ಕನ ಮಗಳು ಈ ಪಂಗಡಕ್ಕೆ ಸೇರಿದವಳು. ಪಿ.ಯು.ನಲ್ಲಿ ಅವಳಿಗೆ ಬಂದದ್ದು ನೂರಕ್ಕೆ ಅರವತ್ತೆರಡು. ನೀಟ್‌ನಲ್ಲಿ ಮೊದಲ ಸಲ 720ಕ್ಕೆ 214, ಎರಡನೆಯ ಸಲ 398. ಮೂರನೆಯ ಸಲ ಕೂರಬೇಕೆ ಬೇಡವೆ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ಅಕ್ಕ ನನಗೆ ಹೇಳಿಕಳಿಸಿದಳು: “ಬಂದು ಹೋಗೋ ತಮ್ಮ. ನೀನೂ ಮೇಷ್ಟ್ರೇ ಅಲ್ಲೇನು, ಒಂದು ಮಾತು ಹೇಳು.”

ಬಸ್ಸಿನಲ್ಲಿ ಹರಿಹರ ಮುಟ್ಟುವುದಕ್ಕೆ ಹೆಚ್ಚು ಹೊತ್ತೇನೂ ಬೇಡ. ಆದರೂ ಅಷ್ಟರಲ್ಲಿ ಹಳೆಯ ಕಾಲದ ಲೆಕ್ಕವೆಲ್ಲ ತಲೆಯಲ್ಲಿ ಹಾದುಹೋಯಿತು. ಒಂದು ಕಾಲಕ್ಕೆ ಈ ಸೀಮೆಯ ಹುಡುಗ ಡಾಕ್ಟರಾಗಬೇಕೆಂದರೆ ಮೈಸೂರಿಗೆ ಗಂಟು ಕಟ್ಟಬೇಕಿತ್ತು. 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ ಎಂದು ಕಾಲೇಜುಗಳು ತೆರೆದವು. 1965ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯವರು ಜೆ.ಜೆ.ಎಂ. ವೈದ್ಯಕೀಯ ಕಾಲೇಜನ್ನು ದಾವಣಗೆರೆಗೇ ತಂದರು. ಈಗ ಊರಿನಲ್ಲಿ ಅಂಥವು ಎರಡಿವೆ. ಬಾಗಿಲು ಹತ್ತಿರ ಬಂತು. ಬಾಗಿಲ ಮುಂದಿನ ಸಾಲು ಮಾತ್ರ ಊರು ದಾಟಿ ಬೆಳೆಯಿತು. 2024ರಲ್ಲಿ ನೀಟ್ ಬರೆದವರು ದೇಶದಲ್ಲಿ 23 ಲಕ್ಷಕ್ಕೂ ಮಿಕ್ಕಿ. ಆ ವರ್ಷ ಪ್ರಶ್ನೆಪತ್ರಿಕೆ ಬಯಲಾದ ಸುದ್ದಿಯೂ ಬಂದು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಡೀ ಪರೀಕ್ಷೆಯನ್ನು ರದ್ದುಮಾಡಲು ನ್ಯಾಯಾಲಯ ಒಪ್ಪಲಿಲ್ಲ. ಎರಡು ವರ್ಷ ಓದಿದ ಮಕ್ಕಳು ಆ ಬೇಸಿಗೆಯನ್ನು ಹೇಗೆ ಕಳೆದರೋ!

ಈ ಪದ್ಧತಿಯಲ್ಲಿ ಒಂದು ದಯೆಯೂ ಇದೆಯೆನ್ನಬೇಕು. ಹಿಂದೆ ಪಿ.ಯು.ಸಿ. ಅಂಕಪಟ್ಟಿಯೇ ಹಣೆಬರಹವಾಗಿದ್ದಾಗ, ಹದಿನೇಳನೆಯ ವಯಸ್ಸಿನಲ್ಲಿ ಟೈಫಾಯಿಡ್ ಜ್ವರ ಬಂದು ಮಲಗಿದವನಿಗೆ ಆ ಜ್ವರ ಜೀವಮಾನವಿಡೀ ಇಳಿಯುತ್ತಿರಲಿಲ್ಲ. 1994ರಲ್ಲಿ ಸಿ.ಇ.ಟಿ. ಬಂತು, 2016ರಿಂದ ನೀಟ್ ನೆಲೆನಿಂತಿತು. ಭೌತಶಾಸ್ತ್ರ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಮೀಸಲು ವರ್ಗದವರಿಗೆ 40 ಬಂದಿದ್ದರೆ ಹಳೆಯ ಅಂಕಪಟ್ಟಿ ತನ್ನ ಕೆಲಸ ಮುಗಿಸಿ ಪೆಟ್ಟಿಗೆ ಸೇರುತ್ತದೆ. ಆಮೇಲೆ ತೊಂಬತ್ತೈದು ತೆಗೆದವನೂ ಅರವತ್ತೆರಡು ತೆಗೆದವಳೂ ಒಂದೇ ಬೆಂಚಿನಲ್ಲಿ ಸಮನಾಗಿ ಕೂರುತ್ತಾರೆ. ಪಿ.ಯು. ಮಂಡಳಿಯೂ 2024ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಲು ಬಿಟ್ಟಿತು. ಎಡವಿದವರಿಗೆ ಏಳಲು ಅವಕಾಶ ಕೊಡಬೇಕೆಂಬ ಬುದ್ಧಿ ದೊಡ್ಡವರಿಗೆ ತಡವಾಗಿಯಾದರೂ ಬಂದದ್ದು ಸಂತೋಷವೇ.

ಅಕ್ಕನ ಮಗಳು ತನ್ನ ಪುಸ್ತಕಗಳನ್ನು ನನ್ನ ಮುಂದೆ ಹರಡಿದಳು. ಹರಿಹರೇಶ್ವರನ ಊರಿನವಳಿಗೆ ತಕ್ಕ ಪರೀಕ್ಷೆ: ಅರ್ಧ ಜೀವಶಾಸ್ತ್ರ, ಇನ್ನರ್ಧ ಭೌತ-ರಸಾಯನ! ಒಟ್ಟು 180 ಪ್ರಶ್ನೆ, ಮೂರು ಗಂಟೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ, ಬಿಟ್ಟರೆ ಸೊನ್ನೆ. ಅವುಗಳ ನಡುವೆ ಒಂದು ದಪ್ಪ ನೋಟುಪುಸ್ತಕವಿತ್ತು. ಅದರಲ್ಲಿ ಅವಳು ಬರೆದಿಟ್ಟದ್ದು ಬರೀ ತಪ್ಪುಗಳನ್ನು. ಭಾನುವಾರದ ಮಾದರಿ ಪರೀಕ್ಷೆಯಲ್ಲಿ ತಪ್ಪಿದ ಪ್ರತಿ ಪ್ರಶ್ನೆಯೂ ಅಲ್ಲಿದೆ; ಪಕ್ಕದಲ್ಲಿ ಕಾರಣ: ‘ಗೊತ್ತಿರಲಿಲ್ಲ’, ‘ಗೊತ್ತಿತ್ತು, ಅವಸರ’, ‘ಊಹೆ’.

“ಮಾಮ, ಊಹೆ ಅಂತ ಎಷ್ಟು ಸಲ ಬರ್ದೀನಿ ಎಣಿಸಿ ನೋಡ್ರಿ” ಎಂದಳು. ನಾನು ಎಣಿಸಲಿಲ್ಲ, ಅವಳೇ ಲೆಕ್ಕ ಹೇಳಿದಳು. 120 ಸರಿ, 60 ತಪ್ಪು ಆದರೆ ಬರುವುದು 420. ಆ ಅರವತ್ತರಲ್ಲಿ ನಲವತ್ತನ್ನು ಮುಟ್ಟದೆ ಬಿಟ್ಟಿದ್ದರೆ 460. ಒಂದಕ್ಷರ ಹೆಚ್ಚು ಓದದೆ ನಲವತ್ತು ಅಂಕ! ಅಷ್ಟರಲ್ಲಿ ಸಾವಿರಾರು ಸ್ಥಾನ ಮೇಲೆ ಕೆಳಗೆ ಆಗುತ್ತದಂತೆ.

ನನಗೆ ನಗು ಬಂತು. ಕನ್ನಡದ ತರಗತಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಉಪದೇಶವೇ ಬೇರೆ: ಯಾವ ಪ್ರಶ್ನೆಯನ್ನೂ ಬಿಡಬೇಡಿ, ಏನಾದರೂ ಬರೆಯಿರಿ! ಕವಿಯ ಕಾಲ ಮರೆತವನು ಅವನ ಊರಿನ ಸೊಬಗನ್ನು ವರ್ಣಿಸಿ ಎರಡು ಅಂಕ ಗಿಟ್ಟಿಸುವುದುಂಟು. ಆದರೆ ನಾಳೆ ನನ್ನ ನಾಡಿ ಹಿಡಿಯುವ ಡಾಕ್ಟರು ಹೀಗೆ ‘ಏನಾದರೂ’ ಬರೆಯುವುದು ನನಗೆ ಬೇಡ. “ಇದು ನನಗೆ ತಿಳಿಯದು, ದೊಡ್ಡಾಸ್ಪತ್ರೆಗೆ ಹೋಗಿ” ಎನ್ನುವ ಡಾಕ್ಟರಿಂದ ಎಷ್ಟು ಜೀವ ಉಳಿದಿವೆಯೋ! ತನಗೆ ತಿಳಿಯದ್ದು ಯಾವುದೆಂದು ಈ ಹುಡುಗಿ ಎರಡು ವರ್ಷದಲ್ಲಿ ಪುಟವಾರು ಗುರುತಿಸಿದ್ದಾಳೆ. ಮೊದಲ ಸಲವೇ ಗೆದ್ದವರಲ್ಲಿ ಎಷ್ಟು ಮಂದಿಗೆ ಅಂಥ ಪುಸ್ತಕವಿದೆ?

ಇಷ್ಟು ಹೇಳಿ ಹೊರಟುಬಿಡಬಹುದಿತ್ತು. ಆದರೆ ಮಗುವಿನ ಕಣ್ಣ ಕೆಳಗಿನ ಕಪ್ಪು ಕಾಣುತ್ತಿತ್ತು. ಹಾಡು ಬಿಟ್ಟಿದ್ದಳು, ಗೆಳತಿಯರನ್ನು ಬಿಟ್ಟಿದ್ದಳು, ರಾತ್ರಿಯೂಟ ಅರ್ಧವಾಗಿತ್ತು. ನಿದ್ದೆ ನಾಲ್ಕು ಗಂಟೆ. “ಮದುವೆಗೆ ಹೋದರೆ ಎಲ್ಲರೂ ಅದನ್ನೇ ಕೇಳ್ತಾರೆ ಅಂತ ಮನಿ ಬಿಟ್ಟು ಹೊರಗೇ ಬರಲ್ಲ” ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪಡಸಾಲೆಯಲ್ಲಿ ಕುಳಿತಿದ್ದವರು ಅವಳ ಅಜ್ಜ, ನನ್ನ ಅಕ್ಕನ ಮಾವ. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರ ಮಾಡಲು ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಬೆರಳು ಇನ್ನೂ ಅಳತೆ ಹಿಡಿದಂತೆಯೇ ಆಡುತ್ತವೆ. ಅಲ್ಲಿಯವರೆಗೆ ಸುಮ್ಮನಿದ್ದವರು ಮೊಮ್ಮಗಳನ್ನು ಕರೆದು ಹೇಳಿದರು:

“ನೋಡವ್ವ, ಜಾಬು ದಪ್ಪ ಉಳಿದ್ರ ಮತ್ತೊಮ್ಮೆ ಲೇತಿಗೆ ಹಾಕಿ ತೆಗೀಬಹುದು. ಅದಕ್ಕೆ ಯಾರೂ ಬೈಯಲ್ಲ. ಕೂದಲೆಳೆಯಷ್ಟು ಸಣ್ಣ ಆತು ಅಂದ್ರ ಮಾತ್ರ ಮುಗೀತು, ಸ್ಕ್ರ್ಯಾಪು. ತೆಗೆದ ಕಬ್ಬಿಣ ತಿರುಗಿ ಹಚ್ಚಾಕ ಬರಲ್ಲ.”

ನಾನು ಹೇಳಬೇಕೆಂದಿದ್ದುದನ್ನೆಲ್ಲ ಅವರು ಹೇಳಿ ಮುಗಿಸಿದ್ದರು. ಇನ್ನೊಂದು ಸಲ ಓದುವುದರಲ್ಲಿ ಅವಮಾನವಿಲ್ಲ. ಓದುವವಳನ್ನೇ ಎಷ್ಟು ಕೆತ್ತಬೇಕೆಂಬ ಅಳತೆ ಮನೆಯವರ ಕೈಯಲ್ಲಿರಬೇಕು. ನೀಟ್‌ಗೆ ಇಷ್ಟೇ ಸಲ ಕೂರಬೇಕೆಂಬ ಕಟ್ಟಳೆಯಿಲ್ಲ. 2022ರಲ್ಲಿ ವಯಸ್ಸಿನ ಮೇಲ್ಮಿತಿಯನ್ನೂ ತೆಗೆದುಹಾಕಿದರು. ಮೂವತ್ತಾದರೂ ಬರೆಯಬಹುದು, ನಲವತ್ತಾದರೂ ಬರೆಯಬಹುದು. ಸರ್ಕಾರ ಹಾಕದ ಗೆರೆಯನ್ನು ನಾವೇ ಹಾಕಿಕೊಳ್ಳದಿದ್ದರೆ ‘ದೀರ್ಘಾವಧಿ’ಗೆ ಕೊನೆಯೆಲ್ಲಿ?

ಆ ಸಂಜೆ ನಾಲ್ವರೂ ಕೂತು ಗೆರೆ ಹಾಕಿದೆವು. ಇನ್ನೊಂದೇ ಸಲ. ಅದರ ಜೊತೆಗೆ ಬಿ.ಎಸ್ಸಿ. ಕೃಷಿಗೂ ಅರ್ಜಿ. ರಾತ್ರಿ ಹನ್ನೊಂದಕ್ಕೆ ದೀಪ ಆರಬೇಕು, ಭಾನುವಾರ ಮಾದರಿ ಪರೀಕ್ಷೆ ಮುಗಿಸಿ ಹಾಸ್ಟೆಲಿನಿಂದ ಮನೆಗೆ ಬರಬೇಕು. ಬಂದವಳನ್ನು ಊಟಕ್ಕೆ ಮುಂಚೆ ಯಾರೂ ಅಂಕ ಕೇಳಕೂಡದು. ಈ ಕೊನೆಯ ಷರತ್ತು ಅಜ್ಜನದು. ಅಕ್ಕನಿಗೆ ಅದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಗಿದೆಯಂತೆ. ಕೃಷಿಯ ಅರ್ಜಿ ಅಪ್ಪ ತುಂಬುತ್ತಾರೆಂದು ನಾವು ಮಾತಾಡುತ್ತಿದ್ದಾಗ ಹುಡುಗಿ, “ಬೇಡ, ನಾನೇ ತುಂಬ್ತೀನಿ” ಎಂದಳು. ಎರಡು ವರ್ಷದಲ್ಲಿ ತನ್ನ ಬಗ್ಗೆ ಅವಳೇ ಮಾಡಿದ ಮೊದಲ ತೀರ್ಮಾನ ಅದು ಎಂದು ಅಕ್ಕ ಆಮೇಲೆ ನನ್ನನ್ನು ಬಸ್ಸು ಹತ್ತಿಸುವಾಗ ಹೇಳಿದಳು.