ವಸ್ತಾರೆಯ ಅತ್ತಿಮರ

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೊರಟ ಪ್ರಯಾಣಿಕನನ್ನು ವಸ್ತಾರೆಯ ಸುತ್ತಮುತ್ತ ಕಾಫಿತೋಟಗಳ ತಂಪು ನೆರಳು ಎದುರುಗೊಳ್ಳುತ್ತದೆ. ನಾವು ಸೋದರಮಾವನವರ ಮನೆಯನ್ನು ತಲುಪಿದಾಗ ಹೂಮಳೆ ಬಿದ್ದು ಒಂಬತ್ತು ದಿನಗಳಾಗಿದ್ದವು. ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳ ಅಂಗಳದವರೆಗೂ ಹರಡಿತ್ತು.

ಮರುದಿನ ಬೆಳಿಗ್ಗೆ ತೋಟಕ್ಕೆ ಇಳಿದೆವು. ಮಾವನವರ ಮಗ ಒಂದು ಹಳೆಯ ಅತ್ತಿಮರವನ್ನು ತೋರಿಸಿ, "ಇದನ್ನು ಕಡಿಸಿ ಸಿಲ್ವರ್ ಓಕ್ ನೆಡೋಣ ಅಪ್ಪಾಜಿ. ಮೆಣಸಿನ ಬಳ್ಳಿಯೂ ಹಬ್ಬುತ್ತದೆ, ಮುಂದೆ ಮರಕ್ಕೂ ಬೆಲೆ ಬರುತ್ತದೆ" ಎಂದನು. ಮಾವನವರು, "ಮೊದಲು ತೋಟ ನೋಡಿ ಬರೋಣ, ನಡಿ" ಎಂದಷ್ಟೇ ಹೇಳಿದರು.

ಕಾಫಿಗೆ ನೆರಳು ಕೊಡುವ ಹಾಲುವಾಣದ ಬೇರುಗಳಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ನೆಲೆಸಿದ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ಮರವು ಪ್ರತಿಯಾಗಿ ಅವುಗಳಿಗೆ ಸಕ್ಕರೆಯನ್ನು ಉಣಿಸುತ್ತದೆ. ಇದೇ ಸಹಜೀವನ. ಮರವನ್ನು ಅಪ್ಪಿದವೆಲ್ಲ ಹೀಗೆ ಕೊಟ್ಟು ಕೊಳ್ಳುವುದಿಲ್ಲ. ಮೆಣಸಿನ ಬಳ್ಳಿಯು ಆಸರೆಯನ್ನಷ್ಟೇ ಬಯಸಿದರೆ, ಬಂದಳಿಕೆಯು ಕೊಂಬೆಯೊಳಕ್ಕೆ ಬೇರಿಳಿಸಿ ಸಾರವನ್ನು ಹೀರುತ್ತದೆ.

ಇಳಿಜಾರಿನ ರೊಬಸ್ಟಾ ಗಿಡಗಳ ಮೇಲೆ ಜೇನ್ನೊಣಗಳು ಮುತ್ತಿದ್ದವು. ರೊಬಸ್ಟಾ ಕಾಯಿ ಕಟ್ಟಲು ಬೇರೊಂದು ಗಿಡದ ಪರಾಗವೇ ಬೇಕು. ಗಾಳಿಯೂ ಜೇನೂ ಅದನ್ನು ತಂದುಕೊಡುತ್ತವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳನ್ನು ಅಪಾರವಾಗಿ ನಾಶ ಮಾಡಿತು. "ಆಗ ನಮ್ಮ ಪೆಟ್ಟಿಗೆಗಳೂ ಬರಿದಾದವು. ಇದ್ದಾಗ ಅವುಗಳ ದುಡಿಮೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ" ಎಂದು ಮಾವನವರು ನಿಟ್ಟುಸಿರಿಟ್ಟರು.

ಹಿಂದಿರುಗುವಾಗ ಅವರು ಅತ್ತಿಮರದ ಕೆಳಗೆ ನಿಂತು ಒಂದು ಹಣ್ಣನ್ನು ಬಿಡಿಸಿದರು. ಒಳಗೆ ಹುಳುಗಳನ್ನು ಕಂಡು ಮಕ್ಕಳು ಮುಖ ಸಿಂಡರಿಸಿದರು. ಆದರೆ ಆ ಪುಟ್ಟ ಕಣಜಗಳಿಲ್ಲದೆ ಅತ್ತಿಗೆ ಬೀಜವಿಲ್ಲ. ಹೆಣ್ಣು ಕಣಜವು ಎಳೆಗಾಯಿಯ ಕಿರುರಂಧ್ರದಲ್ಲಿ ನುಸುಳಿ, ಒಳಗಿನ ಹೂಗಳಿಗೆ ಪರಾಗವನ್ನು ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮುಂದಿನ ಪೀಳಿಗೆಯ ಹೆಣ್ಣುಗಳು ಪರಾಗವನ್ನು ಹೊತ್ತು ಬೇರೆ ಅತ್ತಿಯನ್ನು ಅರಸಿ ಹೊರಡುತ್ತವೆ. ಕಣಜಕ್ಕೂ ಅತ್ತಿಯ ಹೊರತು ಬೇರೆ ತೊಟ್ಟಿಲಿಲ್ಲ. ಹಣ್ಣನ್ನುಂಡ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿಗಳು ಬೀಜವನ್ನು ದೂರ ದೂರಕ್ಕೆ ಬಿತ್ತುತ್ತವೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆರಳನ್ನೂ ಮರಮುಟ್ಟನ್ನೂ ಕೊಟ್ಟೀತು. ಈ ಪಂಕ್ತಿಗೆ ಹಣ್ಣನ್ನು ಬಡಿಸಲಾರದು.

ದುಡಿದುದನ್ನು ಹಂಚಿ ಉಣ್ಣುವುದನ್ನು 12ನೆಯ ಶತಮಾನದ ಶರಣರು ದಾಸೋಹವೆಂದರು. ಕಣಜಕ್ಕೆ ದಾಸೋಹದ ಅರಿವಿಲ್ಲ. ಅದು ತನ್ನ ಸಂತತಿಗಾಗಿ ದುಡಿಯುತ್ತದೆ. ಅರಿತು ಹಂಚಿಕೊಳ್ಳುವ ಹೊಣೆ ಮನುಷ್ಯನದು.

ಮಗನು ಬಹಳ ಹೊತ್ತು ಮರವನ್ನೇ ನೋಡುತ್ತಿದ್ದು, "ಈ ವರ್ಷ ಮರಗಸಿ ಮಾಡಿಸಿದರೆ ಸಾಕು, ಅಪ್ಪಾಜಿ" ಎಂದನು. ಮಾವನವರು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಮರದ ಬುಡದಲ್ಲಿಟ್ಟು ಮನೆಯ ಕಡೆಗೆ ಹೆಜ್ಜೆ ಹಾಕಿದರು.